ಮಗಳ ಗಂಟಲಿನ ನೀರುಗುಳ್ಳೆ: ಧಾರವಾಡದಿಂದ ಮುಂಬಯಿಯವರೆಗಿನ ಮೂರು ತಿಂಗಳು

ನನ್ನ ಮಗಳಿಗೆ ಮೊನ್ನೆ ಐದು ತಿಂಗಳು ತುಂಬಿತು. ಅವಳ ನಾಲಿಗೆಯ ಬುಡದಲ್ಲಿದ್ದ ಸಿಸ್ಟನ್ನು, ಅಂದರೆ ನೀರು ತುಂಬಿದ ಗುಳ್ಳೆಯನ್ನು, ತೆಗೆದು ಒಂಬತ್ತು ವಾರಗಳಾದವು. ಶಸ್ತ್ರಚಿಕಿತ್ಸೆಯ ನಂತರದ ತಪಾಸಣೆಯ ಕಾಗದವೂ ವಿಮೆಯವರ ಕೊನೆಯ ಪತ್ರವೂ ಕೈಸೇರಿದ ಮೇಲೆ ಇದನ್ನು ಬರೆಯಲು ಕುಳಿತಿದ್ದೇನೆ. ಜುಲೈ ತಿಂಗಳ ಆ ರಾತ್ರಿಗಳಲ್ಲಿ ಮಗುವನ್ನು ಎದೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಮೊಬೈಲ್ ಹಿಡಿದು ಹುಡುಕಿದಾಗ, ನಮ್ಮಂತೆ ಇದನ್ನು ದಾಟಿ ಬಂದ ಒಬ್ಬ ತಾಯಿಯ ಮಾತೂ ಕನ್ನಡದಲ್ಲಿ ನನಗೆ ಸಿಗಲಿಲ್ಲ.

ಚೊಚ್ಚಲ ಹೆರಿಗೆಯಾದ್ದರಿಂದ ತವರಿಗೆ, ಧಾರವಾಡಕ್ಕೆ ಹೋಗಿದ್ದೆ. ಏಪ್ರಿಲ್‌ನಲ್ಲಿ ಹೆರಿಗೆಯಾಯಿತು. ಮಗುವಿನ ತೂಕ 2.9 ಕಿಲೋ. ಮೊದಲ ಹತ್ತು ದಿನ ಏನೂ ಅನ್ನಿಸಲಿಲ್ಲ. ಆಮೇಲೆ ಉಸಿರಿಗೆ ಒಂದು ಸದ್ದು ಸೇರಿಕೊಂಡಿತು. ಅದು ಗೊರಕೆಯಲ್ಲ, ನೆಗಡಿಯ ಗುರುಗುರುವೂ ಅಲ್ಲ. ನೀರು ಬತ್ತಿದ ಬೋರಿನ ಕೈಪಂಪನ್ನು ಜಗ್ಗಿದಾಗ ಬರುತ್ತದಲ್ಲ, ಅಂಥ ಸದ್ದು. ಉಸಿರು ಒಳಗೆ ಎಳೆದುಕೊಳ್ಳುವಾಗ ಮಾತ್ರ ಬರುತ್ತಿತ್ತು, ಹೊರಗೆ ಬಿಡುವಾಗ ಇರುತ್ತಿರಲಿಲ್ಲ. ಅಂಗಾತ ಮಲಗಿಸಿದರೆ ಹೆಚ್ಚು, ಹೆಗಲ ಮೇಲೆ ಹಾಕಿಕೊಂಡರೆ ಕಡಿಮೆ. ಅಳುವೂ ಬಾಯಲ್ಲಿ ತುತ್ತಿಟ್ಟುಕೊಂಡು ಅತ್ತಂತೆ ಮುಚ್ಚಿದ ದನಿಯಲ್ಲಿರುತ್ತಿತ್ತು.

ಮನೆಯಲ್ಲಿ ಎಲ್ಲರೂ ಕಫ ಎಂದರು. ಅವ್ವ ಬಜೆ ತೇಯ್ದು ನಾಲಿಗೆಗೆ ಸವರಿದಳು. ಅವಳು ನಮ್ಮನ್ನೆಲ್ಲ ಹಾಗೆಯೇ ಬೆಳೆಸಿದವಳು, ಅವಳದು ತಪ್ಪಲ್ಲ. ಆದರೆ ಇದನ್ನು ಓದುತ್ತಿರುವ ನಿಮ್ಮ ಮಗುವಿಗೆ ಉಸಿರಾಟದಲ್ಲಿ ಇಂಥ ಸದ್ದಿದ್ದರೆ ಬಜೆ, ಗುಟ್ಟಿ, ಜೇನುತುಪ್ಪ ಯಾವುದನ್ನೂ ಬಾಯಿಗೆ ಹಾಕಬೇಡಿ. ಗಂಟಲಿನ ದಾರಿಯೇ ಕಿರಿದಾಗಿರುವ ಕೂಸಿಗೆ ಅದು ಶ್ವಾಸನಾಳಕ್ಕೆ ಇಳಿಯಬಹುದು.

ಆರು ವಾರದ ಲಸಿಕೆಗೆ ಹೋದಾಗ ಅಲ್ಲಿಯ ವೈದ್ಯರಿಗೆ ಹೇಳಿದೆ. ಅವರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಇದು ಲ್ಯಾರಿಂಗೊಮಲೇಶಿಯಾ ಎಂದರು. ಧ್ವನಿಪೆಟ್ಟಿಗೆಯ ಮೇಲ್ಭಾಗ ಇನ್ನೂ ಮೆತ್ತಗಿದೆ, ಉಸಿರು ಎಳೆದಾಗ ಒಳಕ್ಕೆ ಕುಸಿಯುತ್ತದೆ, ಒಂದೂವರೆ ಎರಡು ವರ್ಷದೊಳಗೆ ತಾನಾಗಿಯೇ ಸರಿಹೋಗುತ್ತದೆ ಎಂದು ವಿವರಿಸಿದರು. ಹಸುಗೂಸುಗಳ ಉಸಿರಿನಲ್ಲಿ ಹೀಗೆ ಸದ್ದು ಬರುವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಅದೇ. ಹೆಚ್ಚಿನ ಮಕ್ಕಳಲ್ಲಿ ಅದು ಹಾಗೆಯೇ ಹೋಗಿಬಿಡುತ್ತದೆ. ಆ ದಿನ ತೂಕ 3.5 ಕಿಲೋ ಇತ್ತು. ನಾನು ನಿಶ್ಚಿಂತೆಯಿಂದ ಮನೆಗೆ ಬಂದೆ.

ನಿಶ್ಚಿಂತೆ ಉಳಿಯಲಿಲ್ಲ, ಏಕೆಂದರೆ ಹಾಲೂಡಿಸುತ್ತಿದ್ದವಳು ನಾನು. ನಾಲ್ಕು ಗುಟುಕು ಕುಡಿದು ಬಿಟ್ಟುಬಿಡುತ್ತಿದ್ದಳು. ತಲೆಯನ್ನು ಹಿಂದಕ್ಕೆ ಚೆಲ್ಲಿ, ಉಸಿರಿಗಾಗಿ ಒದ್ದಾಡಿ, ಅತ್ತು, ಮತ್ತೆ ಬಾಯಿ ಹಚ್ಚುತ್ತಿದ್ದಳು. ಮತ್ತೆ ನಾಲ್ಕು ಗುಟುಕು, ಕೆಲವೊಮ್ಮೆ ಐದು. ನನಗೆ ಎಣಿಸುವ ಚಟವೇ ಹತ್ತಿತು. ಕತ್ತಿನ ಕೆಳಗೆ, ಎದೆಯ ಎಲುಬು ಶುರುವಾಗುವ ಕಡೆ ಒಂದು ಸಣ್ಣ ಗುಣಿ ಇರುತ್ತದೆ. ಪ್ರತಿ ಉಸಿರಿಗೂ ಅದು ಒಳಕ್ಕೆ ಬೀಳುತ್ತಿತ್ತು, ಬೆರಳ ತುದಿ ಇಟ್ಟರೆ ಕೂರುವಷ್ಟು. ಒಂದು ಹೊತ್ತಿನ ಹಾಲಿಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ದಣಿದು, ಹೊಟ್ಟೆ ತುಂಬದೆಯೇ ನಿದ್ದೆ ಹೋಗುತ್ತಿದ್ದಳು.

ಜೂನ್ ನಡುವಿನಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಗೆ, ನಮ್ಮ ಮನೆಗೆ ಬಂದೆವು. ಹತ್ತು ವಾರದ ಲಸಿಕೆಗೆ ಮನೆ ಹತ್ತಿರದ ಮಕ್ಕಳ ವೈದ್ಯೆಯ ಬಳಿ ಹೋದಾಗ ಧಾರವಾಡದಲ್ಲಿ ಕೊಟ್ಟಿದ್ದ ತಾಯಿ ಕಾರ್ಡನ್ನು ಮುಂದಿಟ್ಟೆ. ಅವರು ಮರಾಠಿಯವರು. ಕಾರ್ಡಿನ ಅಕ್ಷರ ಅವರಿಗೆ ಓದಲು ಬರಲಿಲ್ಲ, ತೂಕದ ಗೆರೆ ಓದಲು ಬಂತು. ಅಂದಿನ ತೂಕ 3.65 ಕಿಲೋ. ನಾಲ್ಕು ವಾರದಲ್ಲಿ ಏರಿದ್ದು ನೂರೈವತ್ತು ಗ್ರಾಂ. ಈ ವಯಸ್ಸಿನಲ್ಲಿ ಮಗು ದಿನಕ್ಕೆ ಸುಮಾರು ಇಪ್ಪತ್ತೈದು ಮೂವತ್ತು ಗ್ರಾಂ ಏರಬೇಕು ಎಂದರು. "ಸದ್ದು ಇರಲಿ, ತೂಕ ಏರುತ್ತಿದ್ದರೆ ನಾನೂ ಕಾಯಿರಿ ಎನ್ನುತ್ತಿದ್ದೆ. ಇದು ಕಾಯುವ ಗೆರೆಯಲ್ಲ" ಎಂದು ಕಾರ್ಡಿನ ಮೇಲೆ ಪೆನ್ನಿನಿಂದ ತೋರಿಸಿದರು. ಮಕ್ಕಳ ಗಂಟಲಿನ ತಜ್ಞರಿಗೆ ಚೀಟಿ ಬರೆದುಕೊಟ್ಟರು. ನೀವೂ ಗಮನಿಸಬೇಕಾದದ್ದು ಇದನ್ನೇ. ಸದ್ದಿನ ಜೊತೆಗೆ ತೂಕ ನಿಂತಿದ್ದರೆ, ಎದೆ ಒಳಕ್ಕೆ ಎಳೆಯುತ್ತಿದ್ದರೆ, ಹಾಲು ಕುಡಿಯುವಾಗ ಉಸಿರು ಕಟ್ಟುತ್ತಿದ್ದರೆ, ಯಾರು ಎಷ್ಟೇ ಸಮಾಧಾನ ಹೇಳಿದರೂ ಗಂಟಲೊಳಗೆ ನೋಡಿಸದೆ ಬಿಡಬೇಡಿ.

ತಜ್ಞರ ದಿನಾಂಕ ಎಂಟು ದಿನ ಮುಂದಕ್ಕೆ ಸಿಕ್ಕಿತ್ತು. ಅಷ್ಟು ಕಾಯುವ ಹಾಗಾಗಲಿಲ್ಲ. ನಾಲ್ಕನೆಯ ದಿನ ಸಂಜೆ ಹಾಲು ಕುಡಿಯುತ್ತಿದ್ದವಳು ಸುಮ್ಮನಾದಳು. ಸದ್ದೇ ಇಲ್ಲ. ತುಟಿ ನೋಡಿದರೆ ನೇರಳೆ ತಿಂದಂತಿತ್ತು. ಅತ್ತೆ ಅವಳನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಂಗೈ ಮೇಲೆ ಬೋರಲು ಹಾಕಿದರು. ಎರಡು ಕ್ಷಣ ಬಿಟ್ಟು ಆ ಪಂಪಿನ ಸದ್ದು ಮತ್ತೆ ಬಂತು. ಅಷ್ಟು ದಿನ ನಾನು ದ್ವೇಷಿಸಿದ್ದ ಸದ್ದು ಅದು. ಮಳೆಯಲ್ಲೇ ರಿಕ್ಷಾ ಹಿಡಿದು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ಆಮ್ಲಜನಕ ಕೊಟ್ಟು, ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ತುಟಿ ನೀಲಿಯಾದರೆ ರಿಕ್ಷಾ ಹುಡುಕಬೇಡಿ, 108ಕ್ಕೆ ಕರೆ ಮಾಡಿ ಎಂದು ಅಲ್ಲಿಯ ನರ್ಸ್ ಹೇಳಿದರು. ಆಂಬುಲೆನ್ಸ್‌ನಲ್ಲಿ ಆಮ್ಲಜನಕ ಇರುತ್ತದೆ. ಆ ಹೊತ್ತಿನಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ.

ದೊಡ್ಡ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಲು ಒಂದು ಸಾಲು, ಹಣ ಕಟ್ಟಲು ಒಂದು ಸಾಲು, ವೈದ್ಯರ ಕೋಣೆಯ ಮುಂದೆ ಮತ್ತೊಂದು. ಮೂರೂವರೆ ಗಂಟೆ ಕಾದೆವು. ನನ್ನ ಗಂಡ ಹಿಂದಿನ ವಾರ ಮೊಬೈಲಿನಲ್ಲಿ ಮೂರು ವಿಡಿಯೋ ಮಾಡಿದ್ದರು: ನಿದ್ದೆಯಲ್ಲಿರುವಾಗ, ಹಾಲು ಕುಡಿಯುವಾಗ, ಅಂಗಿ ಬಿಚ್ಚಿ ಎದೆ ಕಾಣುವಂತೆ. ವೈದ್ಯರ ಎದುರು ಕುಳಿತಾಗ ಮಗಳು ಹೆಗಲ ಮೇಲೆ ಮಲಗಿ ಸದ್ದೇ ಮಾಡದೆ ಇದ್ದಳು. ಆ ವಿಡಿಯೋ ಇರದಿದ್ದರೆ ನನ್ನ ಮಾತನ್ನು ಹೇಗೆ ನಂಬಿಸುತ್ತಿದ್ದೆನೋ ಗೊತ್ತಿಲ್ಲ. ಎರಡನೆಯ ವಿಡಿಯೋವನ್ನು ಪೂರ್ತಿ ನೋಡುವ ಮೊದಲೇ ವೈದ್ಯರು ಎದ್ದು, ಈಗಲೇ ಸ್ಕೋಪ್ ಹಾಕೋಣ ಎಂದರು.

ಈ ಸ್ಕೋಪ್ ಪರೀಕ್ಷೆಯ ಬಗ್ಗೆ ನನಗೆ ಬಹಳ ಹೆದರಿಕೆಯಿತ್ತು. ಅರಿವಳಿಕೆ ಬೇಕಾಗುವುದಿಲ್ಲ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ನನ್ನ ಮಡಿಲಲ್ಲೇ ಕೂರಿಸಿದರು, ಒಬ್ಬ ನರ್ಸ್ ತಲೆ ಹಿಡಿದರು. ಶಾವಿಗೆಗಿಂತ ತುಸು ದಪ್ಪನೆಯ, ಬಾಗುವ ಕೊಳವೆಯನ್ನು ಮೂಗಿನಿಂದ ಇಳಿಸಿದರು. ಪಕ್ಕದಲ್ಲಿ ಆಮ್ಲಜನಕವೂ ಇನ್ನೊಬ್ಬ ವೈದ್ಯರೂ ಸಿದ್ಧವಾಗಿದ್ದರು. ಒಂದೆರಡು ನಿಮಿಷದ ಕೆಲಸ. ಮಗು ಅತ್ತಳು, ನಾನೂ ಅತ್ತೆ. ಪರದೆಯ ಮೇಲೆ ಮೊದಲು ಬರೀ ಗುಲಾಬಿ ಬಣ್ಣ ಕಂಡಿತು. ಆಮೇಲೆ ನಾಲಿಗೆಯ ಬುಡದಲ್ಲಿ ಒಂದು ಉಂಡೆ. ನೀರಿನಲ್ಲಿ ನೆನೆದ ಸಾಬೂದಾಣಿ ಕಾಳು ದ್ರಾಕ್ಷಿಯಷ್ಟು ದೊಡ್ಡದಾದರೆ ಹೇಗಿರುತ್ತದೆಯೋ ಹಾಗೆ ನುಣ್ಣಗೆ, ಮಂಜು ಮಂಜಾಗಿ, ಮೇಲೆ ಕೂದಲಿನಂಥ ಕೆಂಪು ರಕ್ತನಾಳಗಳು. ಅವಳು ಉಸಿರು ಎಳೆದಾಗಲೆಲ್ಲ ಅದು ಹಿಂದಕ್ಕೆ ಸರಿದು ಶ್ವಾಸದ ಬಾಗಿಲ ಮೇಲೆ ಕೂರುತ್ತಿತ್ತು. ಎರಡು ತಿಂಗಳು ಕಿವಿಯಿಂದ ಕೇಳಿದ್ದನ್ನು ಅಂದು ಕಣ್ಣಿಂದ ನೋಡಿದೆ.

ಅದರ ಹೆಸರು ವ್ಯಾಲೆಕ್ಯುಲರ್ ಸಿಸ್ಟ್. ನಾವು ನುಂಗುವಾಗ ಶ್ವಾಸನಾಳವನ್ನು ಕಾಯುವ ಎಪಿಗ್ಲಾಟಿಸ್ ಎಂಬ ಮುಚ್ಚಳವಿದೆ. ಅದಕ್ಕೂ ನಾಲಿಗೆಯ ಬುಡಕ್ಕೂ ನಡುವಿನ ಸಣ್ಣ ತಗ್ಗಿಗೆ ವ್ಯಾಲೆಕ್ಯುಲಾ ಎನ್ನುತ್ತಾರೆ. ಅಲ್ಲಿ ಲೋಳೆ ಸ್ರವಿಸುವ ಪುಟ್ಟ ಗ್ರಂಥಿಗಳಿರುತ್ತವೆ. ಒಂದು ಗ್ರಂಥಿಯ ನಾಳ ಕಟ್ಟಿಕೊಂಡರೆ ದ್ರವ ಒಳಗೇ ತುಂಬಿ ಚೀಲವಾಗುತ್ತದೆ. ಅಪರೂಪದ್ದು. ಗರ್ಭಿಣಿಯಾಗಿದ್ದಾಗ ನಾನು ತಿಂದದ್ದರಿಂದಲೋ ಗ್ರಹಣದಿಂದಲೋ ಬಂದದ್ದಲ್ಲ. ಇದನ್ನು ನಾನೇ ಕೇಳಿ ಖಚಿತಪಡಿಸಿಕೊಂಡೆ. ನನ್ನ ಗಂಡ ಫೋನಿನಲ್ಲಿ "ಗಡ್ಡೆ" ಎಂದದ್ದೇ ತಡ, ಆ ಕಡೆ ಅತ್ತೆ ಅಳಲು ಶುರು ಮಾಡಿದರು. ವೈದ್ಯರು ತಾವೇ ಫೋನು ತೆಗೆದುಕೊಂಡು, ಇದು ಕ್ಯಾನ್ಸರ್ ಅಲ್ಲ, ನೀರು ತುಂಬಿದ ಗುಳ್ಳೆ ಎಂದು ಮರಾಠಿಯಲ್ಲಿ ಹೇಳಿದರು. ಮನೆಯವರಿಗೆ ಹೇಳುವಾಗ ನೀವೂ ಗಡ್ಡೆ ಎನ್ನಬೇಡಿ, ನೀರುಗುಳ್ಳೆ ಎನ್ನಿ. ಗುಳ್ಳೆ ಹಾನಿಯದಲ್ಲ, ಆದರೆ ಅದು ಕುಳಿತಿರುವ ಜಾಗ ಅಪಾಯದ್ದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಸಿ.

ಅಂದೇ ದಾಖಲು ಮಾಡಿಕೊಂಡರು. ಮಲಗಿಸುವಾಗ ಬೋರಲು ಅಥವಾ ಮಗ್ಗುಲಾಗಿ ಇಡಲು ಹೇಳಿದರು. ಇದು ಆಸ್ಪತ್ರೆಯಲ್ಲಿ, ಕಾಲಿಗೆ ಆಮ್ಲಜನಕ ಅಳೆಯುವ ಯಂತ್ರ ಕಟ್ಟಿಕೊಂಡು, ನಮ್ಮ ಕಣ್ಣಿನ ಮುಂದೆ ಮಾಡಿದ್ದು. ಆರೋಗ್ಯವಂತ ಕೂಸನ್ನು ಬೋರಲು ಮಲಗಿಸುವುದು ಸರಿಯಲ್ಲ ಎಂದೂ ಒತ್ತಿ ಹೇಳಿದರು.

ಮರುದಿನ ಕತ್ತಿನ ಸೋನೋಗ್ರಫಿ. ಗುಳ್ಳೆ ಇರುವುದು ಗಂಟಲೊಳಗೆ, ಕತ್ತಿಗೆ ಏಕೆ ಎಂದು ಕೇಳಿದೆ. ಥೈರಾಯ್ಡ್ ಗ್ರಂಥಿ ಭ್ರೂಣದಲ್ಲಿ ಹುಟ್ಟುವುದೇ ನಾಲಿಗೆಯ ಬುಡದಲ್ಲಂತೆ. ಅಲ್ಲಿಂದ ಕತ್ತಿಗೆ ಇಳಿಯುತ್ತದೆ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಇಳಿಯದೆ ಅಲ್ಲೇ ಉಳಿದು ಉಂಡೆಯಂತೆ ಕಾಣುತ್ತದೆ. ಅದನ್ನೇ ಸಿಸ್ಟ್ ಎಂದು ತೆಗೆದುಬಿಟ್ಟರೆ ಮಗು ಜೀವನಪೂರ್ತಿ ಮಾತ್ರೆ ನುಂಗಬೇಕಾಗುತ್ತದೆ. ನಮ್ಮ ಮಗಳ ಥೈರಾಯ್ಡ್ ತನ್ನ ಜಾಗದಲ್ಲೇ ಇತ್ತು. ಸಿಸ್ಟ್ 1.4 ಸೆಂಟಿಮೀಟರ್. ಎಂಆರ್‌ಐ ಮಾಡಿದರೆ ಇನ್ನೂ ಸ್ಪಷ್ಟವಾಗುತ್ತಿತ್ತು, ಆದರೆ ಅದಕ್ಕಾಗಿ ನಿದ್ದೆಯ ಔಷಧ ಕೊಟ್ಟು ಅಂಗಾತ ಮಲಗಿಸುವುದು ಇವಳಿಗೆ ಅಪಾಯ ಎಂದು ಅರಿವಳಿಕೆ ತಜ್ಞೆ ಬೇಡವೆಂದರು.

ಇಲ್ಲಿಂದ ಮುಂದೆ ಶುರುವಾದದ್ದು ಕಾಗದಪತ್ರಗಳ ಪಾಡು. ಇದಕ್ಕೆ ನಾವು ಸ್ವಲ್ಪವೂ ತಯಾರಾಗಿರಲಿಲ್ಲ.

ನನ್ನ ಆಧಾರ್‌ನಲ್ಲಿ ಇನ್ನೂ ತವರಿನ ಅಡ್ಡಹೆಸರು. ಹೆರಿಗೆಯಾದ ಆಸ್ಪತ್ರೆ ಅದನ್ನೇ ನೋಡಿ "ಬೇಬಿ ಆಫ್" ಎಂದು ಬರೆದು ತವರಿನ ಹೆಸರು ಹಾಕಿತ್ತು. ಗಂಡನ ಕಂಪನಿಯ ವಿಮೆಯಲ್ಲಿ ನನ್ನದು ಮದುವೆಯ ನಂತರದ ಹೆಸರು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ನೋಂದಣಿಯ ಹೊತ್ತಿಗೆ ತೊಟ್ಟಿಲ ಶಾಸ್ತ್ರ ಆಗಿರಲಿಲ್ಲ. ಹೀಗಾಗಿ ಈ ಮಗು ಈ ತಾಯಿಯದೇ ಎನ್ನಲು ವಿಮೆಯವರ ಮುಂದೆ ಒಂದು ಕಾಗದವೂ ಇರಲಿಲ್ಲ. ಮಗು ಎದೆಗವುಚಿ ಮಲಗಿರುವಾಗ ಆ ಪ್ರಶ್ನೆ ಕೇಳಿಸಿಕೊಂಡದ್ದು ಇವತ್ತಿಗೂ ನೋಯುತ್ತದೆ. ವಿವಾಹ ನೋಂದಣಿ ಪತ್ರ, ಎರಡೂ ಹೆಸರು ನನ್ನವೇ ಎಂಬ ನೋಟರಿ ಅಫಿಡವಿಟ್, ಜನನ ಪ್ರಮಾಣಪತ್ರ, ಈ ಮೂರನ್ನು ಜೋಡಿಸಿ ಕೊಟ್ಟ ಮೇಲೆ ಒಪ್ಪಿದರು. ಧಾರವಾಡದಲ್ಲಿ ನನ್ನ ತಮ್ಮ ಪಾಲಿಕೆಗೆ ಹೋಗಿ ಮಗುವಿನ ಹೆಸರು ಸೇರಿಸಿಕೊಂಡು ಬಂದ. ಹುಟ್ಟಿದ ಹನ್ನೆರಡು ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ತವರಿನಲ್ಲಿ ಹೆರಿಗೆಗೆ ಹೋಗುವವರು ಈ ಕೆಲಸವನ್ನು ಊರು ಬಿಡುವ ಮೊದಲೇ ಮುಗಿಸಿಕೊಳ್ಳಿ.

ಆಮೇಲೆ ಬಂದದ್ದು ಇನ್ನೂ ದೊಡ್ಡ ತೊಡಕು. ಇದು ಹುಟ್ಟಿನಿಂದ ಬಂದ ದೋಷವೇ ಎಂದು ವಿಮೆಯವರು ಆಸ್ಪತ್ರೆಗೆ ಬರೆದು ಕೇಳಿದರು. ಹೌದು ಎಂದರೆ ತಿರಸ್ಕರಿಸುತ್ತಾರೆ ಎಂದು ನಾವು ಹೆದರಿದೆವು. ಆಸ್ಪತ್ರೆಯ ವಿಮೆ ವಿಭಾಗದಲ್ಲಿದ್ದ ಹೆಣ್ಣುಮಗಳು ಸಮಾಧಾನವಾಗಿ ಕೂರಿಸಿ ತಿಳಿಸಿದಳು: ಹುಟ್ಟುದೋಷಗಳನ್ನು ವಿಮೆಯಲ್ಲಿ ಎರಡಾಗಿ ನೋಡುತ್ತಾರೆ. ದೇಹದ ಹೊರಗೆ, ಕಣ್ಣಿಗೆ ಕಾಣುವ ಭಾಗದಲ್ಲಿರುವುದು ಬಾಹ್ಯ. ಕಾಣದ ಭಾಗದಲ್ಲಿರುವುದು ಆಂತರಿಕ. ಸಾಮಾನ್ಯವಾಗಿ ಪಾಲಿಸಿಗಳು ಹೊರಗಿಡುವುದು ಬಾಹ್ಯ ದೋಷಗಳನ್ನು. ಬಾಯಿ ತೆರೆದರೂ ಕಾಣದ, ಸ್ಕೋಪ್ ಇಲ್ಲದೆ ನೋಡಲಾಗದ ಜಾಗದಲ್ಲಿ ಸಿಸ್ಟ್ ಇದೆ, ಇದು ಆಂತರಿಕ, ಉಸಿರಿಗೆ ಅಡ್ಡಿಯಾಗಿದೆ ಎಂದು ವೈದ್ಯರು ನಾಲ್ಕು ಸಾಲು ಬರೆದುಕೊಟ್ಟರು. ಮರುದಿನ ಸಂಜೆ ಒಪ್ಪಿಗೆ ಬಂತು. ನಿಮ್ಮ ಪಾಲಿಸಿಯಲ್ಲಿ ಈ ಎರಡು ಪದ ಎಲ್ಲಿವೆ ಎಂದು ಮೊದಲೇ ಹುಡುಕಿ ನೋಡಿ.

ವಿಮೆಯೇ ಇಲ್ಲದವರು ಧೈರ್ಯ ಬಿಡಬೇಡಿ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಇದೆ. ಅದಕ್ಕೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಎಂಬವರು ಕುಳಿತಿರುತ್ತಾರೆ. ರೇಶನ್ ಕಾರ್ಡು, ಆಧಾರ್ ಹಿಡಿದುಕೊಂಡು ಹೋಗಿ ಈ ಚಿಕಿತ್ಸೆ ಪಟ್ಟಿಯಲ್ಲಿದೆಯೇ ಎಂದು ಕೇಳಿ. ದೊಡ್ಡ ಧರ್ಮಾರ್ಥ ಟ್ರಸ್ಟ್ ಆಸ್ಪತ್ರೆಗಳು ನೂರಕ್ಕೆ ಹತ್ತು ಹಾಸಿಗೆಗಳನ್ನು ತೀರ ಬಡವರಿಗೆ ಉಚಿತವಾಗಿ, ಇನ್ನು ಹತ್ತನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕೆಂಬ ನಿಯಮವೂ ಈ ರಾಜ್ಯದಲ್ಲಿದೆ. ನಮ್ಮ ಪಕ್ಕದ ಹಾಸಿಗೆಯ ಸೋಲಾಪುರದ ಕುಟುಂಬ ಅದೇ ದಾರಿಯಲ್ಲಿ ಬಂದಿತ್ತು. ಅವರೂ ಕನ್ನಡ ಮಾತನಾಡುವವರು. ಆ ತಾಯಿ ರಾತ್ರಿ ನನಗೆ ಜೋಳದ ರೊಟ್ಟಿ ಕೊಟ್ಟಾಗ ನಾನು ಎರಡು ದಿನದಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ತಜ್ಞೆ ನಮ್ಮಿಬ್ಬರನ್ನೂ ಕರೆದು ಮಾತನಾಡಿದರು. ಇದರಲ್ಲಿ ಕಷ್ಟದ್ದು ಕತ್ತರಿಸುವುದಲ್ಲ, ಉಸಿರಿನ ಕೊಳವೆ ಹಾಕುವುದು ಎಂದರು. ಮಗುವಿಗೆ ಮಂಪರು ಬಂದೊಡನೆ ಸಿಸ್ಟ್ ಬಾಗಿಲಿಗೆ ಅಡ್ಡ ಬೀಳಬಹುದು, ಕೊಳವೆಗೆ ದಾರಿ ಕಾಣದೆ ಹೋಗಬಹುದು. ಹಾಗಾದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರು ಕೊಡಬೇಕಾಗುತ್ತದೆ, ಅದಕ್ಕೆ ಈಗಲೇ ಸಹಿ ಬೇಕು. ನನ್ನ ಗಂಡ ಬ್ಯಾಂಕಿನ ಕಾಗದಗಳಿಗೆ ದಿನಕ್ಕೆ ನೂರು ಸಹಿ ಹಾಕುವವರು. ಅಂದು ಮೊದಲ ಅಕ್ಷರ ಬರೆದು ಪೆನ್ನು ಕೆಳಗಿಟ್ಟರು. ನೀರು ಕುಡಿದು ಬಂದು ಉಳಿದದ್ದನ್ನು ಬರೆದರು.

ಎದೆಹಾಲು ಶಸ್ತ್ರಚಿಕಿತ್ಸೆಗೆ ನಾಲ್ಕು ಗಂಟೆ ಮೊದಲು ನಿಲ್ಲಬೇಕು. ಪುಡಿ ಹಾಲಾದರೆ ಆರು ಗಂಟೆ. ಎಂಟಕ್ಕೆ ಕರೆಯುತ್ತೇವೆ ಎಂದಿದ್ದರಿಂದ ಬೆಳಗಿನ ನಾಲ್ಕಕ್ಕೆ ಕೊನೆಯ ಹಾಲು ಕೊಟ್ಟೆ. ಏಳೂವರೆಗೆ ಒಂದು ತುರ್ತು ಪ್ರಕರಣ ಬಂತು. ನಮ್ಮ ಸರದಿ ಬಂದದ್ದು ಹನ್ನೊಂದು ಇಪ್ಪತ್ತಕ್ಕೆ. ನಡುವೆ ಸಲೈನ್ ಹಾಕಿದ್ದರು, ಆದರೆ ಹಸಿವು ಅದರಿಂದ ಹೋಗುತ್ತದೆಯೇ? ಅವಳು ಅತ್ತಾಗಲೆಲ್ಲ ನನಗೆ ಹಾಲು ಇಳಿದು ರವಿಕೆ ತೊಯ್ಯುತ್ತಿತ್ತು. ನಾನು ಎತ್ತಿಕೊಂಡರೆ ಹಾಲಿನ ವಾಸನೆಗೆ ಇನ್ನೂ ಹುಡುಕಾಡುತ್ತಾಳೆ ಎಂದು ಅತ್ತೆ ಅವಳನ್ನು ಹೆಗಲಿಗೇರಿಸಿಕೊಂಡು ಪಡಸಾಲೆಯ ಆ ತುದಿಗೆ ನಡೆದುಬಿಟ್ಟರು. "ತಂಗಿ, ನೀನು ಇತ್ತ ಬರಬೇಡ, ಅಲ್ಲೇ ಕುಳಿತಿರು" ಎಂದರು. ನಾಲ್ಕು ಗಂಟೆ ನಾನು ನನ್ನ ಮಗಳಿಂದ ಬಚ್ಚಿಟ್ಟುಕೊಂಡು ಕುಳಿತಿದ್ದೆ. ಈ ಸರದಿಯಲ್ಲಿರುವ ತಾಯಂದಿರು ಎದೆಹಾಲು ಹೀರುವ ಪಂಪು, ಎರಡು ಜೊತೆ ಬಟ್ಟೆ, ಎತ್ತಿಕೊಳ್ಳಲು ಇನ್ನೊಬ್ಬರು, ಈ ಮೂರೂ ಇರುವಂತೆ ನೋಡಿಕೊಳ್ಳಿ.

ಒಂದು ಗಂಟೆ ಐದು ನಿಮಿಷದಲ್ಲಿ ವೈದ್ಯರು ಹೊರಬಂದರು. ಕೊಳವೆ ಎರಡನೆಯ ಪ್ರಯತ್ನಕ್ಕೆ ಹೋಗಿತ್ತು. ಕತ್ತು ಮುಟ್ಟಬೇಕಾಗಿರಲಿಲ್ಲ. ಬಾಯಿಯ ಮೂಲಕವೇ ಕೋಬ್ಲೇಶನ್ ಎಂಬ ಉಪಕರಣದಿಂದ ಗುಳ್ಳೆಯ ಮೇಲ್ಛಾವಣಿಯನ್ನು ಪೂರ್ತಿ ತೆಗೆದು, ಮತ್ತೆ ದ್ರವ ನಿಲ್ಲದಂತೆ ಗುಳ್ಳೆಯನ್ನು ತೆರೆದೇ ಬಿಟ್ಟಿದ್ದರು. ಇದಕ್ಕೆ ಮಾರ್ಸುಪಿಯಲೈಸೇಶನ್ ಎನ್ನುತ್ತಾರೆ. ಸೂಜಿ ಚುಚ್ಚಿ ನೀರು ತೆಗೆದರೆ ಸಾಲದೇ ಎಂದು ನಮ್ಮ ಬಂಧುಗಳು ಕೇಳಿದ್ದರು. ಹಾಗೆ ಮಾಡಿದರೆ ಚೀಲ ಅಲ್ಲೇ ಉಳಿದು ಮತ್ತೆ ತುಂಬಿಕೊಳ್ಳುವ ಸಂಭವವೇ ಹೆಚ್ಚು.

ಊತ ಇಳಿಯಲೆಂದು ಒಂದೂವರೆ ದಿನ ಕೊಳವೆ ಹಾಗೆಯೇ ಇಟ್ಟು ಮಕ್ಕಳ ಐಸಿಯುನಲ್ಲಿ ಮಲಗಿಸಿದ್ದರು. ಕೊಳವೆ ಧ್ವನಿತಂತುಗಳ ನಡುವೆ ಇರುವುದರಿಂದ ಅಳು ಕೇಳಿಸುವುದಿಲ್ಲ. ಮುಖ ಅಳುತ್ತಿರುತ್ತದೆ, ದನಿ ಇರುವುದಿಲ್ಲ. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಾಲನ್ನು ಹಿಂಡಿ ಕೊಟ್ಟರೆ ಮೂಗಿನ ಸಣ್ಣ ನಳಿಕೆಯಿಂದ ಹೊಟ್ಟೆಗೆ ಬಿಡುತ್ತಿದ್ದರು. ಮೊದಲ ಸಲ ನನಗೆ ಹತ್ತು ಮಿಲಿಲೀಟರ್ ಸಹ ಬರಲಿಲ್ಲ. ರಾತ್ರಿ ಪಾಳಿಯ ನರ್ಸ್ ಬೆನ್ನು ಸವರಿ, "ಕಾಳಜಿ ಕರೂ ನಕಾ, ತಾಯಿ" (ಚಿಂತೆ ಮಾಡಬೇಡಿ) ಎಂದರು. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ 1989ರಲ್ಲಿ ಶುರುವಾದದ್ದು ಇದೇ ಊರಿನ ಸಾಯನ್ ಆಸ್ಪತ್ರೆಯಲ್ಲಿ, ಈ ಊರಿನಲ್ಲಿ ಕೂಸುಗಳು ಹಾಲಿಲ್ಲದೆ ಉಳಿಯುವುದಿಲ್ಲ ಎಂದರು. ಬೆಳಗಿನ ಹೊತ್ತಿಗೆ ನಲವತ್ತು ಮಿಲಿಲೀಟರ್ ಬಂತು.

ಮೂರನೆಯ ದಿನ ಮಧ್ಯಾಹ್ನ ಎದೆಗೆ ಹಾಕಿಕೊಳ್ಳಲು ಬಿಟ್ಟರು. ನಾನು ಅಭ್ಯಾಸದಂತೆ ಎಣಿಸತೊಡಗಿದೆ. ನಾಲ್ಕಾಯಿತು, ಐದಾಯಿತು, ಅವಳು ಬಿಡಲಿಲ್ಲ. ಮೂಗಿನಿಂದ ಸದ್ದಿಲ್ಲದ ಉಸಿರು ನನ್ನ ಎದೆಗೆ ಬೆಚ್ಚಗೆ ತಾಗುತ್ತಿತ್ತು. ಇಪ್ಪತ್ತಮೂರರ ನಂತರ ನನಗೆ ಎಣಿಕೆ ತಪ್ಪಿತು.

ಖರ್ಚಿನ ವಿಷಯ. ಆಸ್ಪತ್ರೆಯ ಬಿಲ್ಲು 1,72,000 ರೂಪಾಯಿ, ಅದರಲ್ಲಿ ಹೆಚ್ಚಿನ ಪಾಲು ಐಸಿಯುನದು. ಸ್ಕೋಪ್ 3,500, ಸೋನೋಗ್ರಫಿ 1,800, ರಕ್ತಪರೀಕ್ಷೆಗಳು 2,100 ಬೇರೆ. ವಿಮೆಯಿಂದ ಮೊದಲು ಬಂದದ್ದು 1,08,000. ಒಮ್ಮೆ ಮಾತ್ರ ಬಳಸುವ ಕೋಬ್ಲೇಶನ್ ದಂಡದ ಹಣವನ್ನು ಕೈಗವಸು, ಡಯಾಪರ್ ಜೊತೆಗೆ ಸೇರಿಸಿ ತಿರಸ್ಕರಿಸಿದ್ದರು. ಅದಿಲ್ಲದೆ ಈ ಶಸ್ತ್ರಚಿಕಿತ್ಸೆಯನ್ನು ಹೀಗೆ ಮಾಡಲಾಗುತ್ತಿರಲಿಲ್ಲ ಎಂದು ವೈದ್ಯರ ಪತ್ರ ಸಮೇತ ಮತ್ತೆ ಅರ್ಜಿ ಹಾಕಿದೆವು. ಮೊನ್ನೆ 23,000 ಬಂತು. ಡಿಸ್ಚಾರ್ಜ್ ಸಾರಾಂಶವನ್ನು ವಿಮೆಯವರಿಗೆ ಕೊಡುವ ಮುನ್ನ ಬಳಸಿದ ಉಪಕರಣದ ಹೆಸರು ಅದರಲ್ಲಿದೆಯೇ ಎಂದು ಓದಿಕೊಳ್ಳಿ. ನಮ್ಮದರಲ್ಲಿ ಇರಲಿಲ್ಲ, ಎರಡು ವಾರ ಅದಕ್ಕೇ ಹೋಯಿತು. ಓಡಾಟ ಉಳಿಸಿದ್ದು ಮಾಟುಂಗಾದಲ್ಲಿರುವ ನನ್ನ ಗಂಡನ ಸೋದರತ್ತೆ. ಹದಿಮೂರು ದಿನ ಅವರ ಮನೆಯ ಬೀಗದ ಕೈ ನಮ್ಮಲ್ಲೇ ಇತ್ತು. ಜೋರು ಮಳೆಗೆ ರೈಲು ನಿಂತ ದಿನ ಅವರು ನೀರಿನಲ್ಲಿ ನಡೆದು ಬಂದು ಡಬ್ಬಿ ಕೊಟ್ಟು ಹೋದರು.

ಮನೆಗೆ ಬಂದ ಮೊದಲ ರಾತ್ರಿ ನಾನು ಮಲಗಲಿಲ್ಲ. ತೊಟ್ಟಿಲಿನಿಂದ ಏನೂ ಕೇಳಿಸುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದು ಮೂಗಿನ ಕೆಳಗೆ ಬೆರಳಿಡುತ್ತಿದ್ದೆ. ಸುಮಾರು ಎರಡು ವಾರ ಹೀಗೇ ನಡೆಯಿತು. ಇದು ನಿಮಗೂ ಆಗಬಹುದು.

ಹತ್ತನೆಯ ದಿನ ಬಯಾಪ್ಸಿ ವರದಿ ಬಂತು: ಹಾನಿರಹಿತ ಸಿಸ್ಟ್, ಬೇರೇನೂ ಇಲ್ಲ. ಆರು ವಾರದ ನಂತರ ಮತ್ತೆ ಸ್ಕೋಪ್ ಹಾಕಿದರು. ಅದೇ ಪರದೆ, ಅದೇ ಗುಲಾಬಿ ಬಣ್ಣ, ಈ ಸಲ ತಗ್ಗು ತಗ್ಗಾಗಿಯೇ ಇತ್ತು. ಎಪಿಗ್ಲಾಟಿಸ್ ತುಸು ಮೆತ್ತಗಿದೆ, ಅಂದರೆ ಧಾರವಾಡದ ವೈದ್ಯರು ಹೇಳಿದ್ದೂ ಸ್ವಲ್ಪ ಇತ್ತು. ಈ ಸಿಸ್ಟಿನ ಜೊತೆಗೆ ಅದೂ ಇರುವುದುಂಟಂತೆ. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಮುಂದಿನ ತಪಾಸಣೆ ಡಿಸೆಂಬರ್‌ನಲ್ಲಿ. ನಿನ್ನೆಯ ತೂಕ 5.9 ಕಿಲೋ. ಡೊಂಬಿವಲಿಯ ವೈದ್ಯೆ ಅದೇ ತಾಯಿ ಕಾರ್ಡಿನಲ್ಲಿ ಚುಕ್ಕೆ ಇಟ್ಟು, ಹಳೆಯ ಚುಕ್ಕೆಗೆ ಗೆರೆ ಎಳೆದು, ಕಾರ್ಡನ್ನು ನನ್ನ ಕಡೆ ತಿರುಗಿಸಿದರು.